ತೂಕದ ಮನ್ಮಥಪ್ಪನ ಹೊಟ್ಟೆ

ಬೀದರದ ಧಾನ್ಯದ ಪೇಟೆಯಾದ ಗಂಜ್‌ನಲ್ಲಿ ಕಾಳು ತೂಗುವವರು ಆ ಕಾಲಕ್ಕೆ ಹನ್ನೊಂದು ಮಂದಿ. ಅವರಲ್ಲಿ ಹತ್ತು ಜನರ ಬಗ್ಗೆ ಹೆಚ್ಚು ಮಾತಾಡದಿರುವುದೇ ವಾಸಿ. ಒಬ್ಬ ತಕ್ಕಡಿಯ ಪರಡಿಯ, ಅಂದರೆ ತಟ್ಟೆಯ, ಅಡಿಗೆ ಮೇಣ ಮೆತ್ತುತ್ತಿದ್ದ. ಒಬ್ಬ ಹೆಬ್ಬೆರಳಿನಿಂದ ಸರಪಳಿ ಒತ್ತುತ್ತಿದ್ದ. ಇನ್ನೊಬ್ಬನಂತೂ ಸರಿಯಾಗಿ ತೂಗುವ ಹೊತ್ತಿಗೆ ರೈತನ ಮಗಳ ಮದುವೆಯ ಸುದ್ದಿ ತೆಗೆದು, ಅವನ ಕಣ್ಣನ್ನು ಮುಳ್ಳಿನಿಂದ ಆಚೆ ತಿರುಗಿಸಿಬಿಡುತ್ತಿದ್ದ. ಹನ್ನೊಂದನೆಯವನು ಮನ್ಮಥಪ್ಪ. ಔರಾದದ ಕಡೆಯಿಂದ ಎರಡು ದಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತರು ದಾರಿಯಲ್ಲಿ ಸಿಕ್ಕ ನಾಲ್ಕು ಅಂಗಡಿಗಳನ್ನು ದಾಟಿ ಬಸವಣ್ಣೆಪ್ಪ ಸಾವಕಾರರ ಅಡತಿ ಅಂಗಡಿಯ ಮುಂದೆಯೇ ಎತ್ತುಗಳ ನೊಗ ಬಿಚ್ಚುತ್ತಿದ್ದುದು ಸಾವಕಾರರ ಮುಖ ನೋಡಿ ಅಲ್ಲ, ಅಲ್ಲಿ ತೂಗುವ ಮನ್ಮಥಪ್ಪನ ಕೈ ನೋಡಿ.

ಕೈ ಎಂದರೆ ನಿಜವಾಗಿಯೂ ಕೈ. ಒಂದು ಪರಡಿಯಲ್ಲಿ ರೈತನ ಚೀಲ, ಇನ್ನೊಂದರಲ್ಲಿ ತೂಕದ ಕಲ್ಲು. ಕಲ್ಲಿಟ್ಟು, ಓಲಾಡುವ ಪರಡಿಯನ್ನು ಒಮ್ಮೆ ಹಿಡಿದು ನಿಲ್ಲಿಸಿ, ಆಮೇಲೆ ಮನ್ಮಥಪ್ಪ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಗಂಜ್‌ಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಕೈ ಮ್ಯಾಲ!" ನಾನು ತಕ್ಕಡಿಯನ್ನು ಮುಟ್ಟಿಲ್ಲ, ಮುಳ್ಳು ಹೇಳಿದ್ದೇ ಮಾತು, ಬಂದು ನೋಡಿಕೊಳ್ಳಿ ಎಂದು ಅದರ ಅರ್ಥ. ದಿನಕ್ಕೆ ಇನ್ನೂರು ಚೀಲ ತೂಗಿದರೆ ಇನ್ನೂರು ಸಲ ಕೈ ಮೇಲೆ. ಇಪ್ಪತ್ತೈದು ವರ್ಷ ಅದೇ ಅಂಗಳದಲ್ಲಿ ಹಮಾಲಿ ಮಾಡಿ, ಬೆನ್ನ ಮೇಲೆ ಚೀಲ ಹೊತ್ತು, ಕೊನೆಗೆ ತಕ್ಕಡಿಯ ಪಕ್ಕ ನಿಂತವನು ಅವನು. ಕಾಯಕ ಎಂದರೆ ಅವನಿಗೆ ಅದೇ. ಅದರ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು; ಇಲ್ಲ ಎಂದರೆ ಸುಳ್ಳಾದೀತು.

ಉಳಿದ ತೂಕದವರು ಪ್ರತಿ ರಾಶಿಯಿಂದ ಒಂದು ಬೊಗಸೆ ಕಾಳು ತಮ್ಮ ಪಾಲೆಂದು ಎತ್ತಿಕೊಳ್ಳುವುದು ಗಂಜ್‌ನ ವಾಡಿಕೆ. ಮನ್ಮಥಪ್ಪ ಅದನ್ನೂ ಮುಟ್ಟುತ್ತಿರಲಿಲ್ಲ. ಆದರೆ ನಮ್ಮ ರೈತರು ಸುಮ್ಮನೆ ಉಪಕಾರ ಹೊತ್ತುಕೊಂಡು ಮನೆಗೆ ಹೋಗುವ ಜನವೇ? ಕಾಳು ಒಲ್ಲೆ ಎಂದವನಿಗೆ ಬುತ್ತಿ ಬಿಚ್ಚಿದರು. "ನಮ್ಮ ಮನಿ ಶೇಂಗಾ ಹೋಳಿಗಿ, ಒಂದು ತಿನ್ರಿ", "ಸಜ್ಜಿ ರೊಟ್ಟಿ ಅದ, ಮ್ಯಾಲ ಬೆಣ್ಣಿ ಅದ, ನಮ್ಮವ್ವ ನಿಮ್ಮ ಹೆಸರಲೇ ಕಟ್ಟ್ಯಾಳ." ಅನ್ನವನ್ನು ಬೇಡವೆನ್ನುವುದು ಮನ್ಮಥಪ್ಪನ ಮನೆತನದಲ್ಲೇ ಇರಲಿಲ್ಲ. ಹತ್ತು ಗಾಡಿ ಬಂದರೆ ಹತ್ತು ಬುತ್ತಿ. ಎಳ್ಳಮಾವಾಸ್ಯೆ ಕಳೆದ ವಾರವಂತೂ ಸೊಪ್ಪು ಕಾಳಿನ ಭಜ್ಜಿ, ಅಂಬಲಿ, ಹುಗ್ಗಿಗಳ ನಡುವೆ ಅವನು ತೂಗುತ್ತಿದ್ದನೋ ಉಣ್ಣುತ್ತಿದ್ದನೋ ಹೇಳುವುದು ಕಷ್ಟವಾಗುತ್ತಿತ್ತು.

ನಿಜಾಮನ ಕಡೆಗಾಲದಲ್ಲಿ ಈ ಬುತ್ತಿಗಳೆಲ್ಲಿ ಬರಬೇಕು? ಆಗ ಸರಕಾರ ಬಲವಂತವಾಗಿ ಎತ್ತುತ್ತಿದ್ದ ಲೆವಿ ಧಾನ್ಯ, ರಜಾಕಾರರ ಹೆದರಿಕೆ, ಗಂಜ್ ತೆರೆದ ದಿನಕ್ಕಿಂತ ಮುಚ್ಚಿದ ದಿನವೇ ಹೆಚ್ಚು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬಂತು, ಐದು ದಿನಕ್ಕೆ ಆ ರಾಜ್ಯ ಮುಗಿಯಿತು. ಆಮೇಲಿನ ಕೆಲವು ವಾರ ಹೆದರುವ ಸರದಿ ಓಣಿಯ ಇನ್ನೊಂದು ಬದಿಯ ಮುಸಲ್ಮಾನರದಾಯಿತು. ಅದನ್ನು ನೆನೆದರೆ ಮನ್ಮಥಪ್ಪನಿಗೆ ಈಗಲೂ ಊಟ ರುಚಿಸುತ್ತಿರಲಿಲ್ಲ. ಅದೊಂದನ್ನು ಬಿಟ್ಟರೆ ಊಟ ರುಚಿಸದ ಸಂದರ್ಭ ಅವನಿಗೆ ಬಂದಿರಲಿಲ್ಲ. ದಾರಿಗಳು ತೆರೆದವು, ಗಾಡಿಗಳು ಬಂದವು, ನಾಲ್ಕು ವರ್ಷದಲ್ಲಿ ಮನ್ಮಥಪ್ಪನಿಗೆ ಒಂದು ಹೊಟ್ಟೆ ಬಂತು.

ವಿಚಿತ್ರ ಹೊಟ್ಟೆ ಅದು. ಕೈಕಾಲು ಸಣಕಲು, ಕುತ್ತಿಗೆಯಲ್ಲಿ ಮಾಂಸವಿಲ್ಲ, ಹಮಾಲಿಯ ಕಾಲದ ತೊಡೆಗಳು ಕರಗಿ ಧೋತರ ಗಾಳಿಗೆ ಹಾರಾಡುತ್ತಿತ್ತು. ನಡುವೆ ಮಾತ್ರ ಕೊಡಪಾನದಂತೆ ಬಿಗಿಯಾದ ದುಂಡು ಹೊಟ್ಟೆ. "ನೀವು ಮೂಲಿ ತಿರುಗೂದ್ರಾಗ ನಿಮ್ಮ ಹೊಟ್ಟಿ ಆಗಲೇ ಮನಿ ಮುಟ್ಟಿರ್ತದ ನೋಡ್ರಿ" ಎಂದು ಹೆಂಡತಿ ಗುರಮ್ಮ ನಗುತ್ತಿದ್ದಳು. ಭಾಲ್ಕಿಯ ಹೆಣ್ಣು, ಬಾಯಿ ಬಿಟ್ಟರೆ ಚಟಾಕಿ. ಹೀಗೆ ಅಂದಾಗಲೆಲ್ಲ ಮನ್ಮಥಪ್ಪ ಒಂದೇ ಉತ್ತರ ಕೊಡುತ್ತಿದ್ದ: "ತೂಕ ಕೇಳು."

ಅವನ ತೂಕದ ಕತೆ ಹೀಗೆ. ದೀಪಾವಳಿ ಪಾಡ್ಯದ ದಿನ ಗಂಜ್‌ನಲ್ಲಿ ತಕ್ಕಡಿಗೆ ಪೂಜೆ. ಪೂಜೆ ಮುಗಿದ ಮೇಲೆ ಹಮಾಲರೆಲ್ಲ ಸೇರಿ ಮನ್ಮಥಪ್ಪನನ್ನು ಪರಡಿಯಲ್ಲಿ ಕೂಡಿಸಿ ತೂಗುತ್ತಿದ್ದರು. ಹಮಾಲಿಯ ಕಾಲದಲ್ಲಿ ಎರಡು ಮಣ ಮೂರು ಸೇರು, ಮಣಕ್ಕೆ ನಲವತ್ತು ಸೇರಿನ ಲೆಕ್ಕದಲ್ಲಿ. ಫೌಜು ಬಂದ ವರ್ಷ ಎರಡು ಮಣ ಎರಡು ಸೇರು. ಹೋದ ದೀಪಾವಳಿಗೆ ಮತ್ತೆ ಎರಡು ಮಣ ಮೂರು ಸೇರು. ಬೇರೆಯವರಾದರೆ ಕನ್ನಡಿ ನೋಡುತ್ತಾರೆ, ಹೆಂಡತಿಯ ಮಾತು ಕೇಳುತ್ತಾರೆ. ತೂಕದವನಿಗೆ ತಕ್ಕಡಿಯೇ ದೇವರು. ಮುಳ್ಳು ಕದಲಿಲ್ಲ ಎಂದ ಮೇಲೆ ತಾನು ದಪ್ಪಗಾಗಿಲ್ಲ, ಅಷ್ಟೇ. ಗುಡ್ಡ ಹತ್ತಿದರೆ ಏದುಸಿರು ಬರುವುದಕ್ಕೆ ವಯಸ್ಸು ಕಾರಣ. ಮೇಲಿಂದ ಮೇಲೆ ನೀರಡಿಕೆ ಆಗುವುದಕ್ಕೆ ಬೀದರದ ಬಿಸಿಲು ಕಾರಣ. ಎಲ್ಲಕ್ಕೂ ಅವನ ಹತ್ತಿರ ಒಂದೊಂದು ಕಾರಣ ಸಿದ್ಧವಿತ್ತು.

ಐವತ್ತೆರಡರ ಜೋಳದ ಸುಗ್ಗಿ. ಊರ ಜನ ಮೊದಲ ಸಲ ಮತ ಹಾಕಿದ ಉಮೇದಿನಲ್ಲಿದ್ದರು, ಯಾರು ಯಾರನ್ನು ಬೇಕಾದರೂ ಪ್ರಶ್ನೆ ಕೇಳಬಹುದು ಎಂಬ ಹೊಸ ಹುರುಪು ಗಾಳಿಯಲ್ಲೇ ಇತ್ತು. ಔರಾದದ ಕಡೆಯ ಕಾವೇರಿಬಾಯಿಗೆ ಆ ಹುರುಪು ಯಾರೂ ಕೊಡಬೇಕಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ತಾನೇ ನೋಡಿಕೊಂಡು, ಗಾಡಿ ತಾನೇ ಹೊಡೆದುಕೊಂಡು ಬರುವ ಹೆಂಗಸು. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮನ್ಮಥಪ್ಪನನ್ನು ಅವಳು ಮರಾಠಿಯಲ್ಲಿ ಅಣ್ಣನನ್ನು ಕರೆಯುವಂತೆ ದಾದಾ ಎನ್ನುತ್ತಿದ್ದಳು, ಪ್ರತಿ ವರ್ಷ ಅವನ ಹೆಸರಿನಲ್ಲೇ ಹೋಳಿಗೆ ತರುತ್ತಿದ್ದಳು.

ಅವಳ ಏಳು ಚೀಲ ಜೋಳ. ಮೊದಲನೆಯದು ಏರಿತು. ಮನ್ಮಥಪ್ಪ ಕಲ್ಲಿನ ಪರಡಿಯ ಹತ್ತಿರ ನಿಂತು ಕಲ್ಲಿಟ್ಟು, ಎರಡೂ ಕೈಯೆತ್ತಿ "ಕೈ ಮ್ಯಾಲ!" ಎಂದ. ಜೋಳ ಇನ್ನೂ ಕಡಿಮೆ ಎಂದು ಮುಳ್ಳು ತೋರಿಸಿತು. ಕಾವೇರಿಬಾಯಿ ಮನೆಯಲ್ಲಿ ಅಳೆದು ತುಂಬಿದವಳು. ಅವಳು ಮುಳ್ಳು ನೋಡಲಿಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮನ್ಮಥಪ್ಪನನ್ನೇ ಕೆಳಗಿಂದ ಮೇಲೆ ನೋಡಿದಳು.

"ದಾದಾ, ಕೈ ಮ್ಯಾಲ ಅವ. ಖರೆ ಅದ. ಹೊಟ್ಟಿ ಎಲ್ಲಿ ಅದ?"

"ಏನಂದಿ?"

"ಮೂರು ಹೆಜ್ಜಿ ಹಿಂದ ಸರೀರಿ."

ಮನ್ಮಥಪ್ಪ ನಗುತ್ತಲೇ ಹಿಂದೆ ಸರಿದ. ಅವನು ಸರಿಯುತ್ತಿದ್ದ ಹಾಗೆ ಕಲ್ಲಿನ ಪರಡಿ ಮೆಲ್ಲಗೆ ಮೇಲೆದ್ದಿತು, ಜೋಳದ ಪರಡಿ ಮೆಲ್ಲಗೆ ಕೆಳಗಿಳಿಯಿತು. ಇಡೀ ಅಂಗಳ ಅದನ್ನು ನೋಡಿತು. ಕೈಗಳೇನೋ ಆಕಾಶದಲ್ಲಿದ್ದವು, ಆದರೆ ಹೊಟ್ಟೆ ಸರಪಳಿಯ ಮೇಲೆ ಒರಗಿ, ತನ್ನ ಪಾಡಿಗೆ ತಾನು ಕಲ್ಲಿನ ಜೊತೆ ಸೇರಿ ತೂಗುತ್ತಿತ್ತು. ಸಮ ಮಾಡಲು ಚೀಲದಿಂದ ತೆಗೆದ ಜೋಳ ಒಂದೂವರೆ ಸೇರು.

ಮೊದಲು ಯಾರೋ ಒಬ್ಬ ಹಮಾಲ ಕಿಸಕ್ಕೆಂದ. ಆಮೇಲೆ ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಪರಡಿಗೆ ಮೇಣ ಮೆತ್ತುವವನು ಎಲ್ಲರಿಗಿಂತ ಜೋರಾಗಿ ನಕ್ಕ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜಾತಿ ಎಲ್ಲ ಊರಲ್ಲೂ ಇರುತ್ತದೆ. ನಗದವರು ಇಬ್ಬರೇ: ಒಬ್ಬ ಮನ್ಮಥಪ್ಪ, ಇನ್ನೊಬ್ಬಳು ಕಾವೇರಿಬಾಯಿ. ಅವನ ಮುಖ ನೋಡಿ ಅವಳಿಗೆ ತಾನು ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿಬಿಟ್ಟಿತ್ತು.

ಸಾವಕಾರರು ಎದ್ದು ಬಂದು ಸಮಾಧಾನ ಹೇಳಿದರು. "ಹೋಗ್ಲಿ ಬಿಡೋ ಮನ್ಮಥಪ್ಪ. ಬೇಕಂತ ಮಾಡಿದ್ದಲ್ಲ. ನಾಳಿಂದ ಒಂದು ಹೆಜ್ಜಿ ಹಿಂದ ನಿಲ್ಲು."

"ಹಿಂದ ನಿಂತ್ರ ಮುಳ್ಳು ಕಾಣಸಂಗಿಲ್ರಿ ಸಾವಕಾರ್ರ. ನನಗ ನೆನಪಿದ್ದಾಗ ಹಿಂದ ನಿಲ್ತೇನಿ, ಮರತ್ರ? ಇಷ್ಟು ದಿನ ಅದು ಸರಪಳಿಗೆ ತಾಗಿದ್ದೇ ನನಗ ಗೊತ್ತಾಗಿಲ್ಲ." ಅವನು ತಕ್ಕಡಿಗೆ ಕೈ ಮುಗಿದ. "ಈ ಹೊಟ್ಟಿ ಇಳಿಯೂತನಕ ನಾ ತಕ್ಕಡಿ ಮುಟ್ಟಂಗಿಲ್ಲ."

ಸಾವಕಾರರು ಒಳ್ಳೆಯವರು, ಆದರೆ ವ್ಯಾಪಾರಿ. ತೂಕಕ್ಕೆ ತಾತ್ಕಾಲಿಕವಾಗಿ ಬೇರೆಯವನನ್ನು ಇಟ್ಟುಕೊಳ್ಳುವುದಾಗಿ ಹೇಳಿದರು. ಸಂಕ್ರಾಂತಿಗೆ ತೊಗರಿ ಗಾಡಿಗಳು ಬರುವವರೆಗೆ ಮನ್ಮಥಪ್ಪನ ಜಾಗ ಕಾಯ್ದಿಡುತ್ತಾರೆ, ಅದಾದ ಮೇಲೆ ಹೊಸಬನೇ ಕಾಯಂ. ಅಂದರೆ ಹತ್ತು ತಿಂಗಳು. ಮನ್ಮಥಪ್ಪ ಒಪ್ಪಿದ. ಆ ವಾರ ತಾನು ತೂಗಿ ಇನ್ನೂ ಗೋದಾಮಿನಲ್ಲೇ ಇದ್ದ ಚೀಲಗಳನ್ನೆಲ್ಲ ಮತ್ತೆ ತೂಗಿಸಿ, ಹೆಚ್ಚಿಗೆ ಬಂದ ಜೋಳವನ್ನು ರೈತರಿಗೆ ತಿರುಗಿ ಕೊಡಿಸಿ, ತಲೆ ತಗ್ಗಿಸಿ ಮನೆಗೆ ಹೋದ. ಅಂದು ಗುರಮ್ಮ ಒಂದೂ ಚಟಾಕಿ ಹಾರಿಸಲಿಲ್ಲ.

ಮರುದಿನ ಅವನು ಚೌಬಾರಾ ಗೋಪುರದ ಹತ್ತಿರದ ಹಕೀಮ ಅಬ್ದುಲ ವಾಹೀದರ ದವಾಖಾನೆಯ ಮೆಟ್ಟಿಲು ಹತ್ತಿದ. ಇಬ್ಬರದೂ ಹಳೆಯ ಸ್ನೇಹ. ನಲವತ್ತೆಂಟರ ಆ ಕೆಟ್ಟ ವಾರಗಳಲ್ಲಿ ಹಕೀಮರನ್ನೂ ಅವರ ಹೆಂಡತಿ ಕುಲಸುಮಬೀಯನ್ನೂ ಒಂಬತ್ತು ದಿನ ಸಾವಕಾರರ ಗೋದಾಮಿನಲ್ಲಿ, ಪೇರಿಸಿಟ್ಟ ಚೀಲಗಳ ಥಪ್ಪಿಯ ಹಿಂದೆ ಬಚ್ಚಿಟ್ಟು ಕಾಪಾಡಿದವನು ಮನ್ಮಥಪ್ಪ. ಗೋಡೆಗೂ ಥಪ್ಪಿಗೂ ನಡುವೆ ಇದ್ದ ಇಕ್ಕಟ್ಟು ಸಂದಿಯಲ್ಲಿ ಅಡ್ಡಡ್ಡ ನುಸುಳಿಕೊಂಡು ದಿನಾ ಎರಡು ಹೊತ್ತು ರೊಟ್ಟಿ ಒಯ್ದು ಕೊಡುತ್ತಿದ್ದ.

ಹಕೀಮರು ನಾಡಿ ಹಿಡಿದರು, ನಾಲಗೆ ನೋಡಿದರು, ಮಲಗಿಸಿ ಹೊಟ್ಟೆಯ ತೊಗಲನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ನೋಡಿದರು. ತೆಳ್ಳನೆಯ ಒಂದು ಮಡಿಕೆ ಬಂತು, ಅಷ್ಟೇ. ಕೆಳಗೆಲ್ಲ ಡೋಲಿನ ಹಾಗೆ ಬಿಗಿ.

"ಮನ್ಮಥಪ್ಪ, ಚರಬಿ ಎರಡು ನಮೂನಿ ಇರ್ತದ. ಒಂದು ತೊಗಲಿನ ಕೆಳಗಿಂದು. ಮೆತ್ತಗಿರ್ತದ, ಚಿವುಟಿದ್ರ ಕೈಗೆ ಬರ್ತದ. ನಮ್ಮ ಮನ್ಯಾಗ ಕುಲಸುಮಬೀ ಹತ್ರ ಇರೋದು ಅದು."

"ಸುನ್ ರಹೀ ಹೂಂ! ಎಲ್ಲಾ ಕೇಳಸ್ತದ!" ಎಂದು ಪರದೆಯ ಹಿಂದಿನಿಂದ ಕುಲಸುಮಬೀಯ ದನಿ ಬಂತು.

ಹಕೀಮರು ದನಿ ತಗ್ಗಿಸಿದರು. "ಇನ್ನೊಂದು ಒಳಗಿಂದು. ಕರಳಿನ ಸುತ್ತ, ಜಿಗರು ಅಂದ್ರ ಯಕೃತ್ತಿನ ಸುತ್ತ ಕೂಡ್ತದ. ಚಿವುಟಿದ್ರ ಸಿಗಂಗಿಲ್ಲ. ನಿಂದು ಅದು. ನಿಮ್ಮ ಗಂಜ್‌ನ್ಯಾಗ ಅಂಗಳದಾಗ ಚೀಲ ಒಟ್ಟಿದ್ರ ಮಂದಿ ಎಡವಿ ಬೀಳ್ತಾರ, ಅಷ್ಟೇ. ಗೋದಾಮಿನ ಒಳಗ ಸಂದಿ ಬಿಡಲಾರ್ದಂಗ ತುರುಕಿದ್ರ? ಗಾಳಿ ಆಡಂಗಿಲ್ಲ, ಮಾಲು ಬಿಸಿ ಆಗ್ತದ, ಕೆಡ್ತದ. ನಿನಗ ಉಸಿರು ಹತ್ತೋದು, ನೀರಡಿಕಿ ಆಗೋದು ಎಲ್ಲಾ ಅದರದ್ದೇ ಆಟ."

"ಹಕೀಮ ಸಾಬ್, ನಂದು ತೂಕ ಎರಡು ಮಣ ಮೂರು ಸೇರು. ಹಮಾಲಿ ಮಾಡ್ತಿದ್ದಾಗೂ ಅಷ್ಟೇ ಇತ್ರಿ. ಇಷ್ಟು ಚರಬಿ ಬಂದಿದ್ರ ತಕ್ಕಡಿ ಹೇಳ್ತಿದ್ದಿಲ್ಲೇನ್ರಿ?"

ಹಕೀಮರು ಅವನ ಸಣಕಲು ತೋಳನ್ನು ಎತ್ತಿ ಹಿಡಿದರು. "ಇಲ್ಲಿದ್ದ ಮಾಂಸ ಎಲ್ಲಿ ಹೋತು? ತೊಡ್ಯಾಗಿಂದು ಎಲ್ಲಿ ಹೋತು? ಚೀಲ ಹೊರೋದು ಬಿಟ್ಟಿ, ಅದು ಕರಗ್ತು. ಕರಗಿದಷ್ಟೇ ತೂಕದ ಚರಬಿ ಹೊಟ್ಟ್ಯಾಗ ಬಂತು. ಒಂದು ಚೀಲ ಇಳಿಸಿ ಇನ್ನೊಂದು ಹೇರಿದಂಗ. ತಕ್ಕಡಿಗೆ ತೂಕ ಗೊತ್ತು ಮನ್ಮಥಪ್ಪ, ಜಾಗ ಗೊತ್ತಿಲ್ಲ."

ಮನ್ಮಥಪ್ಪನಿಗೆ ಇಷ್ಟು ವರ್ಷ ನಂಬಿದ ದೇವರ ಮೇಲೆ ಯಾರೋ ದೂರು ಹೇಳಿದ ಹಾಗಿತ್ತು, ಆ ದೂರು ನಿಜವೂ ಆಗಿತ್ತು. ಹಕೀಮರು ಇನ್ನೂ ಒಂದು ಮಾತು ಹೇಳಿದರು, ಈ ಸಲ ನಗದೆ. "ನಿಮ್ಮಪ್ಪ ಹಾವಗೆಪ್ಪನ ನಾಡಿ ಕಡೀಕ ಹಿಡದಾಂವ ನಾನೇ. ಅವಂದೂ ಹಿಂಗೇ ಸಣ್ಣ ಕಾಲು, ದುಂಡು ಹೊಟ್ಟಿ. ಐವತ್ತೆರಡನೇ ವಯಸ್ಸಿಗೆ ಭಾವಿ ಕಟ್ಟಿ ಮ್ಯಾಲ ಕುಂತಾಂವ ಮತ್ತ ಏಳಲಿಲ್ಲ. ನಿನಗ ಈಗ ನಲವತ್ತೆಂಟು." ಆ ಮಾತಿಗೆ ಮನ್ಮಥಪ್ಪ ಎದ್ದು ಕೂತ.

"ಔಷಧ ಕೊಡ್ರಿ."

"ಔಷಧ ಕೊಟ್ರ ನೀ ಅದರ ಮ್ಯಾಲ ಭಾರ ಹಾಕಿ ಹೋಳಿಗಿ ತಿಂತಿ. ಎರಡು ಹೊತ್ತು ಜೋಳದ ರೊಟ್ಟಿ, ಪಲ್ಲೆ, ಬ್ಯಾಳಿ. ನಡುವ ಯಾರದೂ ಬುತ್ತಿ ಮುಟ್ಟಬ್ಯಾಡ. ಕೂಡಬ್ಯಾಡ, ಮೈ ಬಗ್ಗಿಸು. ಒಂದು ಛಲೋ ಸುದ್ದಿ ಹೇಳ್ತೇನಿ ಕೇಳು: ಮೆತ್ತಗಿನ ಚರಬಿ ಹಟಮಾರಿ, ಒಳಗಿಂದು ಹಂಗಲ್ಲ. ದುಡಿಯಾಕ ಹತ್ತಿದ್ರ ಮೊದಲು ಹೋಗೋದು ಅದೇ. ಬಾಡಿಗಿ ಕೊಡಲಾರ್ದ ಹೊಕ್ಕಾಂವ ಗದರಿಸಿದ ಕೂಡ್ಲೇ ಓಡ್ತಾನಲ್ಲ, ಹಂಗ." ಕಳಿಸುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಆಗ ನಮಗ ರೊಟ್ಟಿ ತರ್ತಿದ್ದ ಸಂದಿ ನೆನಪದ ಏನು? ಈಗ ಹೊಕ್ಕು ನೋಡು."

ನೋಡಿದ. ಗಂಜ್ ಖಾಲಿಯಿದ್ದ ಮಧ್ಯಾಹ್ನ ಗೋದಾಮಿಗೆ ಹೋಗಿ, ಅದೇ ಗೋಡೆ, ಅದೇ ಸಂದಿಯಲ್ಲಿ ಅಡ್ಡವಾಗಿ ನುಗ್ಗಿದ. ಎಡಗೈ ಹೋಯಿತು, ಎಡಗಾಲು ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ. ಕೊನೆಗೆ ಅವನ ಕೂಗು ಕೇಳಿ ಹಮಾಲ ಲಾಲ ಅಹ್ಮದ ಮತ್ತಿಬ್ಬರು ಬಂದು, ಮೇಲಿನ ಹದಿನಾಲ್ಕು ಚೀಲ ಇಳಿಸಿ ಅವನನ್ನು ಬಿಡಿಸಬೇಕಾಯಿತು. ಹೊರಗೆ ಬಂದವನ ಮೈಯೆಲ್ಲ ಧೂಳು, ಮೀಸೆಯಲ್ಲಿ ಜೇಡರ ಬಲೆ. ತನ್ನ ಅವತಾರ ನೋಡಿಕೊಂಡು ಅವನಿಗೇ ನಗು ಬಂತು. ಮೂರು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಮನೆಯಲ್ಲಿ ಗುರಮ್ಮ ಪೆಟ್ಟಿಗೆಯ ತಳದಿಂದ ಬೆಳ್ಳಿಯ ಉಡದಾರ ತೆಗೆದಳು. ಮದುವೆಯಲ್ಲಿ ಭಾಲ್ಕಿಯ ಮಾವ ಸೊಂಟಕ್ಕೆ ಕಟ್ಟಿದ್ದು. ಉಂಡ ಮೇಲೆ ಒತ್ತುತ್ತದೆ ಎಂದು ಮೂರು ವರ್ಷದ ಹಿಂದೆ ಬಿಚ್ಚಿ ಒಳಗಿಟ್ಟಿದ್ದು. ಈಗ ಸುತ್ತಿ ನೋಡಿದರೆ ಎರಡು ತುದಿಗಳ ನಡುವೆ ಎಂಟು ಬೆರಳು ಅಂತರ. "ಇನ್ನ ಇದೇ ನಿಮ್ಮ ತಕ್ಕಡಿ" ಎಂದಳು ಗುರಮ್ಮ. ಪ್ರತಿ ಅಮಾವಾಸ್ಯೆಗೆ ಒಮ್ಮೆ ಅಳೆಯುವುದು ಎಂದಾಯಿತು.

ಮನ್ಮಥಪ್ಪ ಮರುದಿನ ಗಂಜ್‌ಗೆ ಹೋಗಿ, ತಕ್ಕಡಿಯ ಕಡೆ ನೋಡದೆ, ಹಮಾಲರ ಸಾಲಿನಲ್ಲಿ ನಿಂತ. ಮೊದಲ ತಿಂಗಳು ಕಾಳು ಗುಡಿಸಿದ, ಖಾಲಿ ಚೀಲ ಝಾಡಿಸಿದ. ಆಮೇಲೆ ಲಾಲ ಅಹ್ಮದನ ಜೊತೆ ಕೈಗಾಡಿ ನೂಕಿದ. ಮಳೆಗಾಲದ ಹೊತ್ತಿಗೆ ಅರ್ಧ ಚೀಲ ಬೆನ್ನಿಗೇರಿತು. ತಾನು ಎರಡೂ ಕೈಯೆತ್ತಿ ಕೂಗುತ್ತಿದ್ದ ಜಾಗದಲ್ಲಿ ಹೊಸಬ ನಿಂತು ಸುಮ್ಮನೆ ತೂಗುವುದನ್ನು ನೋಡಿದಾಗ ಮುಖ ತಿರುಗಿಸಿ ಖಾಲಿ ಚೀಲ ಮಡಚಲು ಹೋಗುತ್ತಿದ್ದ. ರೈತರು ಬುತ್ತಿ ಬಿಚ್ಚಿ ಕರೆದರೆ ದೂರದಿಂದಲೇ ಕೈ ಮುಗಿಯುತ್ತಿದ್ದ. ಶೇಂಗಾ ಹೋಳಿಗೆಯ ಪರಿಮಳ ಬಂದಾಗ ಉಗುಳು ನುಂಗಿ ಇನ್ನೊಂದು ಚೀಲಕ್ಕೆ ಬೆನ್ನು ಕೊಡುತ್ತಿದ್ದ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಹೇಳಿದವನು ಪುಣ್ಯಾತ್ಮ. ಅವನ ಮುಂದೆ ಯಾರೂ ತುಪ್ಪದ ಬಟ್ಟಲು ಹಿಡಿದು ನಿಂತಿರಲಿಕ್ಕಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಭಾಲ್ಕಿಯಲ್ಲಿ. ಶ್ರಾವಣದಲ್ಲಿ ಅತ್ತೆ ಅಂಬೂಬಾಯಿ ಕರೆಕಳಿಸಿದರು. ಅಳಿಯನಿಗೆಂದು ಹೂರಣದ ಹೋಳಿಗೆ, ಮೇಲೆ ಎಮ್ಮೆ ತುಪ್ಪ, ಪಕ್ಕದಲ್ಲಿ ಭಜಿ. ಮನ್ಮಥಪ್ಪ ಎರಡು ರೊಟ್ಟಿ, ಮೆಂತ್ಯ ಪಲ್ಲೆ ಉಂಡು, ಅರ್ಧ ಹೋಳಿಗೆ ಮುರಿದು ಬಾಯಿಗಿಟ್ಟು ಕೈ ತೊಳೆದ. ಅಂಬೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಮಗಳು ಏನು ತಪ್ಪು ಮಾಡ್ಯಾಳ ಹೇಳ್ರಿ ಅಳಿಯಂದ್ರ. ಹಿಂಗ್ಯಾಕ ಸಿಟ್ಟು ಮಾಡ್ಕೊಂಡು ಉಣ್ತೀರಿ?"

"ಯವ್ವಾ, ಸಿಟ್ಟಲ್ಲ. ನಿಮ್ಮ ಮನೀದೇ ಉಡದಾರ, ಅದರ ಕೊಂಡಿ ಕೂಡವಲ್ದು. ಅದಕ್ಕ" ಎಂದಳು ಗುರಮ್ಮ.

ಅತ್ತೆಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಉಳಿದ ಹೋಳಿಗೆಯನ್ನು ತಾವೇ ಎತ್ತಿ ಒಳಗಿಟ್ಟರು. ಬಸ್ಸಿಗೆ ಕಾಯದೆ ಮನ್ಮಥಪ್ಪ ಅರ್ಧ ದಾರಿ ನಡೆದೇ ಬಂದ. ಗುರಮ್ಮ ಮಾತ್ರ ಬಸ್ಸಿನಲ್ಲಿ ಕೂತು, ದಾರಿಯಲ್ಲಿ ಸಿಕ್ಕ ಗಂಡನಿಗೆ ಕಿಟಕಿಯಿಂದ ಕೈ ಬೀಸಿ ಮುಂದೆ ಹೋದಳು.

ದೀಪಾವಳಿ ಬಂತು, ತಕ್ಕಡಿಯ ಪೂಜೆಯಾಯಿತು. ಹಮಾಲರು ಹುಮ್ಮಸ್ಸಿನಿಂದ ಮನ್ಮಥಪ್ಪನನ್ನು ಎತ್ತಿ ಪರಡಿಯಲ್ಲಿ ಕೂಡಿಸಿದರು. ಏಳು ತಿಂಗಳು ಬೆವರು ಸುರಿಸಿದ್ದಾನೆ, ಬಾಯಿ ಕಟ್ಟಿದ್ದಾನೆ. ಕನಿಷ್ಠ ಅರ್ಧ ಮಣವಾದರೂ ಇಳಿದಿರಬೇಕು ಎಂದು ಅವನ ಲೆಕ್ಕ. ಮುಳ್ಳು ನಿಂತಿತು. ಒಂದು ಮಣ ಮೂವತ್ತೆಂಟು ಸೇರು. ಬರೀ ಐದು ಸೇರು ಕಡಿಮೆ.

ಅವನು ಮನೆಗೆ ಬಂದು ಜೋಲುಮುಖ ಹಾಕಿಕೊಂಡು ಕೂತ. "ಮುಗೀತು ಗುರಮ್ಮ. ಐದೇ ಸೇರು. ಸಂಕ್ರಾಂತಿಗೆ ಮೂರು ತಿಂಗಳೂ ಪೂರಾ ಇಲ್ಲ. ಆ ಹೊಸಬನೇ ನಿಲ್ಲಲಿ ಬಿಡು."

ಗುರಮ್ಮ ಉಡದಾರ ತಂದು ಅವನ ಸೊಂಟಕ್ಕೆ ಸುತ್ತಿದಳು. ಎರಡು ತುದಿಗಳ ನಡುವೆ ಬೆರಳಿಟ್ಟು ಎಣಿಸಿದಳು. ಒಂದು, ಎರಡು. ಮೂರನೆಯ ಬೆರಳಿಗೆ ಜಾಗವಿರಲಿಲ್ಲ. "ಹಕೀಮ ಸಾಬ್ರು ಏನು ಹೇಳಿದ್ರು? ಮತ್ತ ಅದೇ ತಕ್ಕಡಿ ಕೇಳಾಕ ಹೋಗೀರಲ್ಲ, ಶಾಣ್ಯಾ" ಎಂದು ಅವನ ತೋಳು ಹಿಡಿದು ಒತ್ತಿದಳು. ತೋಳು ಗಟ್ಟಿಯಾಗಿತ್ತು. ಹೊಟ್ಟೆಯಿಂದ ಇಳಿದದ್ದರಲ್ಲಿ ಒಂದಿಷ್ಟು ತೂಕ ಮಾಂಸವಾಗಿ ಹೆಗಲು ತೊಡೆಗಳಿಗೆ ಮರಳಿತ್ತು, ತಕ್ಕಡಿ ಎರಡನ್ನೂ ಕೂಡಿಸಿ ಹೇಳಿತ್ತು. ಮನ್ಮಥಪ್ಪ ಹೆಂಡತಿಯನ್ನು ನೋಡಿದ. ಮೂವತ್ತು ವರ್ಷ ಸಂಸಾರ ಮಾಡಿದ ಈ ಹೆಣ್ಣಿನ ಮೇಲೆ ಅವನಿಗೆ ಅಂದು ಹೊಸದಾಗಿ ಪ್ರೀತಿ ಉಕ್ಕಿತು.

ಎಳ್ಳಮಾವಾಸ್ಯೆಯ ದಿನ ಉಡದಾರದ ಕೊಂಡಿ ಕೂಡಿತು. ಅದೇ ವಾರ ಅವನು ಗೋದಾಮಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಆ ಕಡೆಗೆ ಹೋದ, ತಿರುಗಿ ಬಂದ. ಆಮೇಲೆ ಯಾಕೋ ಇನ್ನೊಮ್ಮೆ ಹೋಗಿ, ಹಕೀಮರು ಕೂತಿರುತ್ತಿದ್ದ ಆ ಹಿಂದಿನ ಜಾಗ ನೋಡಿಕೊಂಡು ಬಂದ.

ಸಂಕ್ರಾಂತಿ ಕಳೆದ ಮೂರನೆಯ ದಿನ ಔರಾದದ ಗಾಡಿಗಳು ಬಂದವು. ಇಪ್ಪತ್ತೊಂದು ಗಾಡಿ, ಮೊದಲನೆಯದೇ ಕಾವೇರಿಬಾಯಿಯದು. ಮನ್ಮಥಪ್ಪ ತಕ್ಕಡಿಯ ಪಕ್ಕ ನಿಂತಿದ್ದ. ಸಾವಕಾರರು ಗಾದಿಯ ಮೇಲಿಂದ ನೋಡುತ್ತಿದ್ದರು, ಹೊಸಬ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದ, ಮೇಣದವನಂತೂ ತನ್ನ ಅಂಗಡಿ ಬಿಟ್ಟು ಬಂದಿದ್ದ. ತೊಗರಿ ಚೀಲ ಏರಿತು. ಮನ್ಮಥಪ್ಪ ಕಲ್ಲಿಟ್ಟ, ಪರಡಿ ಹಿಡಿದು ನಿಲ್ಲಿಸಿದ, ಬಿಟ್ಟ. ಹತ್ತು ತಿಂಗಳಿಂದ ಗಂಟಲಲ್ಲೇ ಉಳಿದಿದ್ದ ಕೂಗು ಹೊರಗೆ ಬಂತು.

"ಕೈ ಮ್ಯಾಲ!"

ಕಾವೇರಿಬಾಯಿ ಹತ್ತಿರ ಬಂದಳು. ತನ್ನ ಸೆರಗಿನ ತುದಿ ಹಿಡಿದು, ಅವನ ಹೊಟ್ಟೆಗೂ ಸರಪಳಿಗೂ ನಡುವೆ ತೂರಿಸಿ, ಆ ಕಡೆಯಿಂದ ಎಳೆದಳು. ಸೆರಗು ಎಲ್ಲೂ ತಡೆಯದೆ ಸರಕ್ಕನೆ ಹೊ‌ರಬಂತು. ಅವಳು ತಿರುಗಿ ಗಾಡಿಯವರಿಗೆ ಹೇಳಿದಳು, "ಇಳಸ್ರಿ ಚೀಲ. ನಮ್ಮ ದಾದಾ ತೂಗ್ತಾರ."

ಇಪ್ಪತ್ತೊಂದು ಗಾಡಿ ತೂಗಿ ಮುಗಿಯುವಾಗ ಹೊತ್ತು ಇಳಿಯತೊಡಗಿತ್ತು. ಕಾವೇರಿಬಾಯಿ ಬುತ್ತಿಯ ಗಂಟು ಹಿಡಿದು ಬಂದಳು. ಅದನ್ನು ಕಂಡು ಮನ್ಮಥಪ್ಪ ಇಕ್ಕಟ್ಟಿಗೆ ಸಿಕ್ಕ. ಬೇಡವೆಂದರೆ ಹೊಟ್ಟೆಯ ಆ ಮಾತನ್ನು ತಾನು ಇನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ ಎಂದು ಇವಳು ತಿಳಿಯುತ್ತಾಳೆ. ತಿಂದರೆ ಹಿಂದೆ ಇನ್ನೂ ಇಪ್ಪತ್ತು ಗಂಟು ಬಿಚ್ಚುತ್ತವೆ. ಏನೂ ತೋಚದೆ ಅವನು ಮತ್ತೆ ಎರಡೂ ಕೈ ಮೇಲೆತ್ತಿಬಿಟ್ಟ.

"ಕೈ ಇಳಸ್ರಿ ದಾದಾ" ಎಂದಳು ಅವಳು. "ಆ ಹೊಟ್ಟಿ ಬೆಳಸಿದವ್ರು ನಾವೇ. ಒಬ್ಬೊಬ್ರು ಒಂದೊಂದು ಬುತ್ತಿ ತಂದು ಬೆಳಸೀವಿ. ಆಮ್ಯಾಲ ನಡು ಪ್ಯಾಟ್ಯಾಗ ನಿಮ್ಮನ್ನ ನಗಪಾಟಲ ಮಾಡಿದ್ದೂ ನಾನೇ. ವರ್ಷ ಪೂರಾ ನಿದ್ದಿ ಇಲ್ಲ ನನಗ. ಈ ಸಲ ಊರು ಬಿಡೂ ಮುಂಚೆ ಎಲ್ಲಾರೂ ಕೂತು ಮಾತಾಡೀವಿ."

ಅವಳು ಗಂಟು ಬಿಚ್ಚಿದಳು. ಒಳಗೆ ಒಂದೇ ಒಂದು ಶೇಂಗಾ ಹೋಳಿಗೆ ಇತ್ತು. ಗಾಡಿಯವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಒಂದು ಮನೆಯ ಶೇಂಗಾ, ಒಂದು ಮನೆಯ ಬೆಲ್ಲ, ಒಂದು ಮನೆಯ ಹಿಟ್ಟು, ಒಂದು ಮನೆಯ ಎಳ್ಳು, ಮತ್ತೊಂದು ಮನೆಯ ಒಲೆ. ಇಪ್ಪತ್ತೊಂದು ಗಾಡಿಗೆ ಸೇರಿ ಒಂದು ಹೋಳಿಗೆ.

ಮನ್ಮಥಪ್ಪ ಕೈ ಇಳಿಸಿ ಅದನ್ನು ತೆಗೆದುಕೊಂಡ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ. ಯಾರಿಗೂ ಮುರಿದು ಕೊಡದೆ, ಒಂದು ಚೂರೂ ಕೆಳಗೆ ಬೀಳಿಸದೆ, ನಿಂತಲ್ಲೇ ನಿಧಾನವಾಗಿ ಪೂರ್ತಿ ತಿಂದ. ಅಷ್ಟರಲ್ಲಿ ಮನ್ನಳ್ಳಿಯ ಕಡೆಯ ಗಾಡಿಯೊಂದು ಅಂಗಳಕ್ಕೆ ಬಂತು. ಅವನು ಧೋತರಕ್ಕೆ ಕೈ ಒರೆಸಿಕೊಂಡು ತಕ್ಕಡಿಯ ಹತ್ತಿರ ಹೋದ.